ಪಶ್ಚಿಮಾಭಿಮುಖ ಸೂರ್ಯನಮಸ್ಕಾರ

ವಲಸೆ ಬಂದ ನಮ್ಮವರು ತುಂಬಿರುವ ನೋವೈ ಪಟ್ಟಣದ ಆಸುಪಾಸಿನಲ್ಲಿ ಮನೆ ತೋರಿಸುವ ಏಜೆಂಟರ ಜೇಬಿನಲ್ಲಿ ಕೀಲಿಕೈ ಇರುತ್ತದೋ ಇಲ್ಲವೋ, ದಿಕ್ಸೂಚಿಯಂತೂ ಇದ್ದೇ ಇರುತ್ತದೆ. ಈಶಾನ್ಯದ ಮೂಲೆಯಲ್ಲಿ ಬಚ್ಚಲುಮನೆ ಇದ್ದರೆ ಕಾರಿನಿಂದ ಇಳಿಯುವ ಮೊದಲೇ ಕ್ಷಮೆ ಕೇಳಿಬಿಡುವಷ್ಟು ಅವರು ನಮ್ಮವರ ಸಹವಾಸದಲ್ಲಿ ಪಳಗಿದ್ದಾರೆ. ಇದರ ಫಲವಾಗಿ, ಹೆದ್ದಾರಿಯಲ್ಲಿ ನೋವೈ ದಾಟಿ ಎರಡು ಎಕ್ಸಿಟ್ ಆಚೆಗಿರುವ ನಮ್ಮ ಸಣ್ಣ ಊರಿನ ಸಬ್‌ಡಿವಿಷನ್ ಎಂಬ ಬಡಾವಣೆಯಲ್ಲಿ, ಪೂರ್ವಕ್ಕೆ ಬಾಗಿಲು ತೆರೆಯುವ ಸಾಲಿನಿಂದ ಸಂಜೆ ಒಗ್ಗರಣೆಯ ಪರಿಮಳವೂ ಪಶ್ಚಿಮಕ್ಕೆ ಬಾಗಿಲಿರುವ ಎದುರು ಸಾಲಿನಿಂದ ಗ್ರಿಲ್ಲಿನ ಹೊಗೆಯೂ ಎದ್ದು, ನಡುರಸ್ತೆಯಲ್ಲಿ ಸಂಧಿಸಿ, ಯಾವ ತಂಟೆಯೂ ಇಲ್ಲದೆ ಒಂದಾಗುತ್ತವೆ. ಮನುಷ್ಯರ ಮಟ್ಟಿಗೆ ಇದು ಅಷ್ಟು ಸಲೀಸಲ್ಲ.

ನಾನು ಆಬರ್ನ್ ಹಿಲ್ಸಿನ ಕಾರು ಕಾರ್ಖಾನೆಯವರಿಗಾಗಿ ಸೀಟ್ ಬೆಲ್ಟುಗಳನ್ನು ಪರೀಕ್ಷಿಸುವವಳು. ಹನ್ನೆರಡನೆಯ ವಯಸ್ಸಿಗೆ ಮೈಸೂರು ಬಿಟ್ಟು ಬಂದು, ಷಿಕಾಗೋದಲ್ಲಿ ಓದಿ, ಬಲ ಮತ್ತು ವೇಗದ ಹೊರತು ಬೇರಾವ ಅಗೋಚರ ಶಕ್ತಿಯನ್ನೂ ನಂಬುವುದಿಲ್ಲವೆಂದು ಮನಸ್ಸಿನಲ್ಲೇ ಪ್ರಮಾಣ ಮಾಡಿಕೊಂಡವಳು. ಮನೆ ಕೊಳ್ಳುವಾಗ ಯಾರೂ ನೋಡದಂತೆ ಫೋನಿನ ದಿಕ್ಸೂಚಿಯನ್ನು ತೆರೆದದ್ದು ಅಮ್ಮನಿಗೋಸ್ಕರ ಎಂದು ನೀವೂ ದಯವಿಟ್ಟು ನಂಬಬೇಕು.

ಎದುರುಮನೆಯ ಮಾರ್ಲೀನ್ ನಿವೃತ್ತ ನರ್ಸ್. ಬೈಬಲಿನ ಪ್ರತಿ ಅಕ್ಷರವೂ ಸತ್ಯವೆಂದು, ಕ್ರಿಸ್ತನನ್ನು ಸ್ವಂತವಾಗಿ ಸ್ವೀಕರಿಸಿ ಮರುಹುಟ್ಟು ಪಡೆಯದವರಿಗೆ ಗತಿಯಿಲ್ಲವೆಂದು ನಂಬುವ ಇವಾಂಜೆಲಿಕಲ್ ಪಂಗಡದವರು. ನಾವು ಬಂದ ವಾರವೇ ಕುಂಬಳದ ಬ್ರೆಡ್ ಹಿಡಿದು ಬಂದವರು, ಹೊರಡುವಾಗ ನಾವು ‘ಬರ್ಲಾ?’ ಎನ್ನುವಷ್ಟು ಸಹಜವಾಗಿ, ‘ನಿಮಗೋಸ್ಕರ ಏನು ಪ್ರಾರ್ಥಿಸಲಿ?’ ಎಂದು ಕೇಳಿದರು. ನಾನು ಸಂಕೋಚದಿಂದ ನೆಲ ನೋಡಿದೆ. ಅಮ್ಮ ಮಾತ್ರ ತರಕಾರಿ ಅಂಗಡಿಯವನಿಗೆ ಹೇಳುವಂತೆ ನಿಸ್ಸಂಕೋಚವಾಗಿ, ಹಿಮದಲ್ಲಿ ನನ್ನ ಡ್ರೈವಿಂಗ್, ನನ್ನ ಮದುವೆ ಮತ್ತು ತನ್ನ ಮಂಡಿ, ಮೂರನ್ನೂ ಒಪ್ಪಿಸಿದಳು.

“ಸೀಟ್ ಬೆಲ್ಟ್ ನೀನು ನೋಡ್ಕೋ, ಮಿಕ್ಕಿದ್ದು ಮಾರ್ಲೀನ್ ನೋಡ್ಕೋತಾಳೆ” ಎಂದು ಅಂದಿನಿಂದ ನನ್ನನ್ನು ಕೆಲಸಕ್ಕೆ ಬೀಳ್ಕೊಡುತ್ತಾಳೆ.

ಈ ದೇಶದ ರಾಜಕೀಯವನ್ನು ದೂರದಿಂದ ನೋಡುವವರಿಗೆ ರಾಜಧಾನಿಯ ಬಿಳಿಯ ಗುಮ್ಮಟ ಕಾಣುತ್ತದೆ. ಹತ್ತಿರದಿಂದ ನೋಡುವವರಿಗೆ ಹೆದ್ದಾರಿಯ ಪಕ್ಕದ ಚರ್ಚು ಕಾಣುತ್ತದೆ. ಮಾಲ್‌ನಷ್ಟು ದೊಡ್ಡದಾದ, ಭಾನುವಾರ ಕಾರುಗಳನ್ನು ಸಂಭಾಳಿಸಲು ಪೊಲೀಸರು ಬೇಕಾಗುವ ಚರ್ಚು. ಅಲ್ಲಿಯ ಪಾದ್ರಿಗಳು ಚುನಾವಣೆಯ ಹೊತ್ತಿಗೆ ಯಾರ ಹೆಸರನ್ನೂ ಹೇಳುವುದಿಲ್ಲವಂತೆ. ಗರ್ಭಪಾತ, ಕುಟುಂಬ, ಶಾಲೆಯಲ್ಲಿ ಪ್ರಾರ್ಥನೆ, ಪವಿತ್ರ ಭೂಮಿ ಎಂದು ವರನ ಗುಣಗಳನ್ನು ಬಣ್ಣಿಸುತ್ತಾರೆ, ಅಷ್ಟೆ. ಊರಿನಲ್ಲಿರುವುದು ಇಬ್ಬರೇ ವರರಾದ್ದರಿಂದ ಹೆಣ್ಣಿನ ಕಡೆಯವರಿಗೆ ಗೊಂದಲವಾಗುವುದಿಲ್ಲ. ಮತದಾನ ಹತ್ತಿರವಾದಂತೆ ಅಭ್ಯರ್ಥಿಗಳ ಭಕ್ತಿಯೂ ಏರುತ್ತದೆ. ಇದನ್ನು ಕಂಡು ನಗುವ ಹಕ್ಕು ನಮಗೆ ಕಡಿಮೆ: ಟಿಕೆಟ್ಟಿಗೆ ಮೊದಲು ಮಠ, ನಾಮಪತ್ರಕ್ಕೆ ಮೊದಲು ಪಂಚಾಂಗ, ಗೆದ್ದ ಮೇಲೆ ಕಚೇರಿಯ ಬಾಗಿಲನ್ನೇ ಕಿತ್ತು ಬೇರೆ ಗೋಡೆಗೆ ಇಡಿಸುವ ಜನ ನಾವು. ವ್ಯತ್ಯಾಸವಿಷ್ಟೇ. ನಮ್ಮ ರಾಜಕಾರಣಿ ದೇವರಿಂದ ಗೆಲುವನ್ನು ಕೇಳುತ್ತಾನೆ. ಇಲ್ಲಿ ದೇವರೇ ರಾಜಕಾರಣಿಯಿಂದ ಕಾನೂನನ್ನು ಕೇಳುತ್ತಿದ್ದಾನೆಂದು ಮಾರ್ಲೀನ್ ತರಹದವರು ಪ್ರಾಮಾಣಿಕವಾಗಿ ನಂಬುತ್ತಾರೆ.

ಆ ನಂಬಿಕೆಯ ಬಲದಿಂದಲೇ ಅವರು ಹೋದ ವರ್ಷ ಊರಿನ ಲೈಬ್ರರಿ ಬೋರ್ಡಿನ ಚುನಾವಣೆಗೆ ನಿಂತರು. ಮಕ್ಕಳ ಕಪಾಟಿನಲ್ಲಿ ಯಾವ ಪುಸ್ತಕ ಇರಬಾರದು ಎಂಬುದರ ಜತೆಗೆ ಅವರದು ಇನ್ನೊಂದು ತಕರಾರು: ಸರ್ಕಾರಿ ದುಡ್ಡಿನ ಲೈಬ್ರರಿ ತಾನೇ ನಿಂತು ಬೈಬಲ್ ವಾಚನ ನಡೆಸಲು ಕಾನೂನು ಬಿಡುವುದಿಲ್ಲವಾದರೆ, ತಾನೇ ನಿಂತು ಸೂರ್ಯನಮಸ್ಕಾರವನ್ನು ಮಾತ್ರ ಹೇಗೆ ನಡೆಸೀತು? ಪ್ರಶ್ನೆಯಲ್ಲಿ ಲೋಪವಿರಲಿಲ್ಲ. ತೊಡಕು ಏನೆಂದರೆ, ಆ ಸೂರ್ಯನಮಸ್ಕಾರ ನಮ್ಮಮ್ಮನದು.

ಪ್ರತಿ ಶನಿವಾರ ಬೆಳಗ್ಗೆ ಅಮ್ಮ ಲೈಬ್ರರಿಯ ಸಭಾಕೋಣೆಯಲ್ಲಿ ವಯಸ್ಸಾದ ಹೆಂಗಸರಿಗೆ ಅದನ್ನು ಹೇಳಿಕೊಡುತ್ತಿದ್ದಳು. ಮಿಕ್ಕ ದಿನ ಈ ದೇಶದಲ್ಲಿ ಅವಳು ನನ್ನ ತಾಯಿ, ಅಪ್ಪನ ಹೆಂಡತಿ, ಅಂಗಡಿಯಲ್ಲಿ ಉಚ್ಚಾರಣೆಗಾಗಿ ಎರಡೆರಡು ಸಲ ಕೇಳಿಸಿಕೊಳ್ಳುವ ಗಿರಾಕಿ. ಶನಿವಾರ ಮಾತ್ರ ಮೇಷ್ಟ್ರು. ಶುಕ್ರವಾರ ರಾತ್ರಿಯೇ ಸಲ್ವಾರ್ ಇಸ್ತ್ರಿಯಾಗುತ್ತಿತ್ತು. ಆ ತರಗತಿ ಹೋದರೆ ಅಮ್ಮನ ವಾರದಲ್ಲಿ ಅಮ್ಮನದೆಂಬ ದಿನವೇ ಉಳಿಯುತ್ತಿರಲಿಲ್ಲ.

ಮಾರ್ಲೀನ್ ಗೆದ್ದರು. ಜನವರಿಯಲ್ಲಿ ಬೋರ್ಡು ಊರಿನವರ ಅಭಿಪ್ರಾಯ ಕೇಳಲು ಸಭೆ ಕರೆಯಿತು. ದೂರದ ಷಿಕಾಗೋ ಬಳಿಯ ಪ್ಲೇನ್‌ಫೀಲ್ಡಿನಲ್ಲಿರುವ ನನ್ನ ಸೋದರಮಾವ ರಘು, ವಾದ ಮಾಡುವ ಅವಕಾಶವಿದ್ದರೆ ಹಿಮಪಾತವನ್ನೂ ಲೆಕ್ಕಿಸದವರು, ಅಕ್ಕನಿಗೆ ತರಬೇತಿ ಕೊಡಲು ಡ್ರೈವ್ ಮಾಡಿಕೊಂಡು ಬಂದರು. ಬಂದವರು ಒಳಗೇ ಬರಲಿಲ್ಲ. ನಮ್ಮ ಅಂಗಳದ ಹಿಮದಿಂದ ಇಣುಕುತ್ತಿದ್ದ ಮಾರ್ಲೀನರ ಚುನಾವಣಾ ಫಲಕವನ್ನು ನೋಡುತ್ತ ನಿಂತುಬಿಟ್ಟರು.

“ಅಕ್ಕಾ, ಇದೇನಿದು? ಇವಳ ಬೋರ್ಡು ನಮ್ಮನೇಲಿ?”

“ಕೇಳಿದ್ಲು, ನೆಟ್ಕೋ ಅಂದೆ. ಈಗ ಮಣ್ಣು ಕಲ್ಲಾಗಿದೆ, ಕೀಳಕ್ಕೆ ಬರ್ತಿಲ್ಲ.”

“ಓಟೂ ಹಾಕಿದ್ಯಾ?”

“ಹಾಕ್ದೆ ಇರ್ತೀನಾ? ಸಿಟಿಜನ್ ಆದ್ಮೇಲೆ ಮೊದಲನೇ ಓಟು ಕಣೋ. ದೇವರ ಭಯ ಇರೋ ಹೆಂಗಸು. ನನ್ನ ಮಂಡಿಗೆ ದಿನಾ ಪ್ರಾರ್ಥನೆ ಮಾಡ್ತಾಳೆ. ನೀನು ಮಾಡ್ತೀಯಾ?”

ಅಪ್ಪ ಇಂಥ ಸಂದರ್ಭಕ್ಕೆಂದೇ ಗ್ಯಾರೇಜಿನಲ್ಲಿ ಸದಾ ಒಂದು ಅರ್ಧ ಬಿಚ್ಚಿದ ಯಂತ್ರವನ್ನು ಇಟ್ಟುಕೊಂಡಿರುತ್ತಾರೆ, ಅಲ್ಲಿಗೆ ಹೋದರು. ಮಾವ ತಲೆಯ ಮೇಲೆ ಕೈಯಿಟ್ಟುಕೊಂಡೇ ಪಾಠ ಶುರು ಮಾಡಿದರು. ಸಭೆಯಲ್ಲಿ ಹೇಳಬೇಕಾದದ್ದು ಒಂದೇ ಮಾತು: ಇದು ಬರೀ ಎಕ್ಸರ್‌ಸೈಜ್. ದೇವರು ಗೀವರು ಎನ್ನಕೂಡದು, ಮಂತ್ರದ ಸುದ್ದಿ ಎತ್ತಕೂಡದು. ಅಮ್ಮ ಹುರುಳಿಕಾಯಿ ಮುರಿಯುತ್ತ ಎಲ್ಲಕ್ಕೂ ‘ಹೂಂ’ ಎಂದಳು. ಅವಳ ‘ಹೂಂ’ಗೂ ಒಪ್ಪಿಗೆಗೂ ಸಂಬಂಧವಿಲ್ಲವೆಂದು ಮಾವನಿಗೆ ಹುಟ್ಟಿದಾಗಿನಿಂದ ಗೊತ್ತಿರಬೇಕಿತ್ತು.

ಸಭೆಗೆ ಊರಿನ ಉದಾರವಾದಿಗಳೆಲ್ಲ ಅಮ್ಮನ ಪರವಾಗಿ ಬಂದಿದ್ದರು. ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ನಿಂತು, ಇದರಲ್ಲಿ ಧರ್ಮದ ಲವಲೇಶವೂ ಇಲ್ಲ, ಬೆನ್ನಿಗೆ ಒಳ್ಳೆಯದು, ನಿದ್ದೆ ಬರುತ್ತದೆ, ಮಲಬದ್ಧತೆಗೂ ಉಪಯೋಗವಾಗಿದೆ ಎಂದರು. ಸನಾತನವಾದ ಸೂರ್ಯೋಪಾಸನೆ ನನ್ನ ಕಣ್ಣೆದುರೇ ಇಸಬಗೋಲಿನ ಮಟ್ಟಕ್ಕೆ ಇಳಿಯುತ್ತಿತ್ತು. ನಾನೂ ಎದ್ದು ಸ್ನಾಯುಗಳ ಬಗ್ಗೆ ನಾಲ್ಕು ನಿಖರವಾದ ವಾಕ್ಯ ಹೇಳಿ ಕುಳಿತೆ. ಕೊನೆಗೆ ಅಮ್ಮನ ಸರದಿ. ಮಾರ್ಲೀನ್ ಮೇಜಿನ ಆಚೆಯಿಂದ, ತುಂಬ ಮೃದುವಾಗಿ ಕೇಳಿದರು: “ಸುಧಾ, ಇದನ್ನು ಮಾಡುವಾಗ ನೀವು ಪ್ರಾರ್ಥನೆ ಮಾಡುತ್ತೀರಾ?”

ಮಾವ ಕೆಮ್ಮಿದರು. ಅಮ್ಮ ಆ ಕಡೆ ನೋಡಲೇ ಇಲ್ಲ.

“ಮಾಡದೆ ಮತ್ತೆ? ಸೂರ್ಯ ದೇವರು, ಮಾರ್ಲೀನ್. ದಿನಾ ಬೆಳಕು ಕೊಡ್ತಾನೆ, ಒಂದು ದಿನ ಬಿಲ್ ಕಳಿಸಿಲ್ಲ. ಒಂದು ನಮಸ್ಕಾರ ಬೇಡ್ವಾ?” ಎಂಬರ್ಥದ್ದನ್ನು ತನ್ನದೇ ಇಂಗ್ಲಿಷಿನಲ್ಲಿ ಹೇಳಿ, ಸಾಲದೆಂಬಂತೆ, ಮಿತ್ರಾಯ ನಮಃ ಎಂದು ಶುರು ಮಾಡಿ ಸೂರ್ಯನ ಹನ್ನೆರಡು ಹೆಸರನ್ನೂ ಕಣ್ಣುಮುಚ್ಚಿ ಮೈಕಿನಲ್ಲಿ ಹೇಳಿ ಮುಗಿಸಿದಳು. ಉದಾರವಾದಿಗಳು ಚಪ್ಪಾಳೆ ತಟ್ಟಬೇಕೋ ಅಳಬೇಕೋ ತಿಳಿಯದೆ ಕೂತರು. ತರಗತಿ ಅಲ್ಲಿಗೆ ಮುಗಿಯಿತು.

ಹೊರಬರುವಾಗ ಮಾರ್ಲೀನ್ ಬಂದು ಅಮ್ಮನನ್ನು ತಬ್ಬಿಕೊಂಡು, ಇಡೀ ಕೋಣೆಯಲ್ಲಿ ನಿಜ ಹೇಳಿದವಳು ನೀನೊಬ್ಬಳೇ ಎಂದರು. ಮಾವ ಕಾರಿನಲ್ಲಿ, “ನಮ್ಮ ವಿರುದ್ಧ ನಮ್ಮವಳೇ ಸಾಕ್ಷಿ!” ಎಂದು ಗೊಣಗುತ್ತಲೇ ಇದ್ದರು. ಅಮ್ಮ ಕಿಟಕಿಯ ಹೊರಗೆ ನೋಡುತ್ತ, “ಅದು ದೇವರಲ್ಲ ಅಂತ ಹೇಳಿ ಉಳಿಸ್ಕೊಂಡು, ಶನಿವಾರ ಯಾರಿಗೆ ನಮಸ್ಕಾರ ಮಾಡ್ಲೋ?” ಎಂದಳು. ಆ ಶುಕ್ರವಾರ ಅಭ್ಯಾಸಬಲದಿಂದ ಇಸ್ತ್ರಿಪೆಟ್ಟಿಗೆ ಹೊರಗೆ ಬಂತು; ಸ್ವಲ್ಪ ಹೊತ್ತು ಮೇಜಿನ ಮೇಲಿದ್ದು ಬಿಸಿಯಾಗದೆ ಒಳಗೆ ಹೋಯಿತು.

ನನಗೆ ಆಮೇಲೆ ಹೊಳೆದದ್ದಿಷ್ಟು. ಅಮ್ಮನನ್ನು ಸಮರ್ಥಿಸಿದ ನಾವೆಲ್ಲರೂ ಅವಳ ದೇವರನ್ನು ನಿರಪಾಯಕಾರಿ ಎಂದು ಸಾಬೀತು ಮಾಡಲು ಹೆಣಗುತ್ತಿದ್ದೆವು. ಆ ನಮಸ್ಕಾರಕ್ಕೆ ನಿಜವಾಗಿ ಶಕ್ತಿಯಿದೆ ಎಂದು ನಂಬಿದ್ದವರು ಇಬ್ಬರೇ, ಅದನ್ನು ಮಾಡಿಸುತ್ತಿದ್ದ ಅಮ್ಮ ಮತ್ತು ಅದನ್ನು ನಿಲ್ಲಿಸಿದ ಮಾರ್ಲೀನ್. ಹಾಗೆಂದು ನಾನು ಮಾರ್ಲೀನರ ಪಕ್ಷಕ್ಕೆ ಮತ ಹಾಕುವವಳಲ್ಲ. ಒಬ್ಬರ ನಂಬಿಕೆ ಎಲ್ಲರ ಕಪಾಟಿಗೆ ಬೀಗ ಹಾಕುವುದು ನನಗೆ ಈಗಲೂ ಭಯದ ಸಂಗತಿಯೇ. ಆದರೆ ನಂಬದವರು ಕೊಡುವ ರಕ್ಷಣೆಯಲ್ಲಿ ಒಂದು ಬಗೆಯ ಅಸಡ್ಡೆಯಿರುತ್ತದೆಂದು ತಿಳಿಯಲು ನನಗೆ ಒಂದು ಲೈಬ್ರರಿಯ ಸಭೆಯೇ ಬೇಕಾಯಿತು.

ಹಿಮ ಕರಗಿ ಫಲಕ ಮಣ್ಣಿನಿಂದ ಸಡಿಲವಾದ ಮೇಲೆ ಅಮ್ಮ ನಮ್ಮ ಮುಂದಿನ ಹುಲ್ಲಿನ ಮೇಲೆಯೇ ಚಾಪೆ ಹಾಸಿದಳು. ಹಳೆಯ ಶಿಷ್ಯೆಯರಲ್ಲಿ ಕೆಲವರು ಶನಿವಾರ ಬರತೊಡಗಿದರು. ಇಸ್ತ್ರಿಪೆಟ್ಟಿಗೆಗೆ ಮತ್ತೆ ಕೆಲಸ ಬಂತು. ಮಿಕ್ಕ ದಿನ ಅಮ್ಮ ಒಬ್ಬಳೇ. ಮೇ ತಿಂಗಳ ಒಂದು ಬೆಳಗ್ಗೆ ಮಾರ್ಲೀನ್ ರಸ್ತೆ ದಾಟಿ ಬಂದು, ತಮ್ಮ ಸೊಂಟ ಹಿಡಿದುಕೊಂಡಿದೆ, ತಾವೂ ಮಾಡಬಹುದೇ ಎಂದು ಕೇಳಿದರು. ಷರತ್ತು ಎರಡು. ಬಾಯಲ್ಲಿ ತಮ್ಮ ಯೇಸುವಿನ ಹೆಸರು. ಮತ್ತು, ಪೂಜೆಯೆಂದು ಮೇಲಿನವನಿಗೆ ತಪ್ಪು ತಿಳಿವಳಿಕೆ ಆಗದಿರಲು, ಸೂರ್ಯನಿಗೆ ಬೆನ್ನು ಹಾಕಿ, ತಮ್ಮದೇ ಅಂಗಳದಲ್ಲಿ, ಪಶ್ಚಿಮಕ್ಕೆ ಮುಖ.

“ಎತ್ಲಾಗಾದ್ರೂ ತಿರುಗ್ಲಿ ಬಿಡು. ಸೊಂಟ ಬಗ್ಗಿದ್ರೆ ಸರಿ” ಎಂದಳು ಅಮ್ಮ ನನಗೆ.

ಹೀಗಾಗಿ ಈಗ ದಿನವೂ ಬೆಳಗ್ಗೆ, ಮಾರ್ಲೀನರ ಮನೆಯ ಮಾಡಿನ ಹಿಂದಿನಿಂದ ಸೂರ್ಯ ಏಳುವ ಹೊತ್ತಿಗೆ, ರಸ್ತೆಯ ಈ ಬದಿಯಲ್ಲಿ ಪೂರ್ವಕ್ಕೆ ತಿರುಗಿ ಒಬ್ಬಳೂ ಆ ಬದಿಯಲ್ಲಿ ಪಶ್ಚಿಮಕ್ಕೆ ತಿರುಗಿ ಇನ್ನೊಬ್ಬಳೂ ಕೈಮುಗಿದು ಬಾಗುತ್ತಾರೆ. ದಿಕ್ಸೂಚಿಯಿಲ್ಲದೆ ನಾಯಿ ಸುತ್ತಾಡಿಸಲು ಬಂದವರಿಗೆ, ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ನಮಸ್ಕಾರ ಮಾಡುತ್ತಿರುವಂತೆಯೇ ಕಾಣುತ್ತದೆ.

ನನ್ನ ತೊಂದರೆ ಬೇರೆ. ಕೆಲಸಕ್ಕೆ ಹೊರಟರೆ ಕಾರು ಅವರಿಬ್ಬರ ನಡುವಿನಿಂದಲೇ ಹೋಗಬೇಕು. ಹಿರಿಯರ ನಮಸ್ಕಾರ ಕಿರಿಯರ ಮೇಲೆ ಬಿದ್ದರೆ ಆಯಸ್ಸು ಕಡಿಮೆಯಾಗುತ್ತದೆಂದು ಅಜ್ಜಿ ಹೇಳುತ್ತಿದ್ದಳು. ಇಲ್ಲಿ ಒಂದಲ್ಲ, ಎರಡು ದಿಕ್ಕಿನಿಂದ ಬೀಳುತ್ತವೆ. ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲವೆಂದು ಆಗಲೇ ಹೇಳಿದೆನಲ್ಲ. ಆದ್ದರಿಂದ ಸೀಟ್ ಬೆಲ್ಟ್ ಬಿಗಿದುಕೊಂಡು, ಗ್ಯಾರೇಜಿನೊಳಗೇ, ಅವರು ಮುಗಿಸುವವರೆಗೆ ಕಾಯುತ್ತೇನೆ. ಆಫೀಸಿನಲ್ಲಿ ಕೇಳಿದರೆ ದಾರಿಯಲ್ಲಿ ಟ್ರಾಫಿಕ್ ಇತ್ತು ಎನ್ನುತ್ತೇನೆ.