ಗಂಟಲಕ್ಕನ ಕೈಮೈಕು

ನಮ್ಮ ಬೀದಿಯವರು ಅವಳನ್ನು ಗಂಟಲಕ್ಕ ಎಂದೇ ಕರೆಯುತ್ತಿದ್ದರು. ಗಂಡನ ಜೊತೆ ಈರುಳ್ಳಿ, ಆಲೂಗಡ್ಡೆ ಗಾಡಿ ತಳ್ಳುತ್ತಾ ಅವಳು ಕೂಗಿದರೆ ಮೂರನೇ ಮಹಡಿಯ ಕಿಟಕಿಗಳೂ ತೆರೆಯುತ್ತಿದ್ದವು. ವಯಸ್ಸಾಗಿ ಗಂಟಲು ಸೋತಾಗ ಗಂಡ ಒಂದು ಕೈಮೈಕು ತಂದುಕೊಟ್ಟ. ಕೆಂಪು ಗುಂಡಿ ಒತ್ತಿ ಒಮ್ಮೆ ಮಾತಾಡಿದರೆ ಸಾಕು, ಅದನ್ನೇ ದಿನವಿಡೀ ಒದರುತ್ತಿತ್ತು: "ಬನ್ನಿ ಅಕ್ಕ, ನಮ್ಮ ತೂಕ ನಂಬಿ ಬನ್ನಿ!"

ಗಂಡ ಸತ್ತ. ಅವಳ ಕಣ್ಣೀರು ಆರುವ ಮುಂಚೆಯೇ ಮೈದುನ ಗಾಡಿ, ತಕ್ಕಡಿ, ಮೈಕು ಎಲ್ಲವನ್ನೂ ಎಳೆದುಕೊಂಡು ಹೋದ. ಹೋಗಲಿ ಬಿಡು ಎಂದಳು. ಆದರೆ ಆ ಪಾಪಿ ತಕ್ಕಡಿಯ ತಟ್ಟೆಯಡಿ ಆಯಸ್ಕಾಂತ ಅಂಟಿಸಿ, ಅವಳ ದನಿಯಲ್ಲೇ ಜನರನ್ನು ಕರೆಯತೊಡಗಿದ. ಅಂಟಿಸುವುದನ್ನು ನಾನೇ ಕಣ್ಣಾರೆ ಕಂಡೆ. ಮೋಸಹೋದವರು ಮಾತ್ರ ನಲ್ಲಿಯ ಬಳಿ ಅವಳನ್ನೇ ನಿಲ್ಲಿಸಿ ಉಗಿದರು. ಇಡೀ ಆಯುಸ್ಸು ಉಳಿಸಿಕೊಂಡ ಮರ್ಯಾದೆ ಮಣ್ಣುಪಾಲಾಯಿತು.

ಆ ಕೂಗನ್ನು ಅಳಿಸು ಎಂದು ಕೇಳಲು ಹೋದವಳೆದುರು ಅವನು ಹಲ್ಲು ಕಿರಿದ. "ಗಂಟಲು ನಿಮ್ದು ಅತ್ತಿಗೆ, ಮೈಕು ನಂದು."

ಕೇಳಿ ನನ್ನ ಮೈಯೇ ಉರಿದುಹೋಯಿತು. ಇನ್ನು ಅವಳ ಹೊಟ್ಟೆಯಲ್ಲಿ ಎಂಥ ಬೆಂಕಿ ಬಿದ್ದಿರಬೇಡ!

ನನ್ನದು ಹಾಸಿಗೆ ಹೊಲಿಯುವ ಅಂಗಡಿ. ದಿನಾ ಬೆಳಗ್ಗೆ ಅವನು ಗಾಡಿಯನ್ನು ನನ್ನ ಬಾಗಿಲಲ್ಲಿ ಬಿಟ್ಟು ಚಹಾಕ್ಕೆ ಹೋಗುತ್ತಿದ್ದ. ಬಂದವನು ನನ್ನಿಂದ ಚೂರು ಹತ್ತಿ ಇಸಿದುಕೊಂಡು, ಕಿವಿಗೆ ತುರುಕಿಕೊಂಡ ಮೇಲೆಯೇ ಮೈಕು ಹಾಕುತ್ತಿದ್ದ. ಅತ್ತಿಗೆಯ ಒದರಾಟ ಅವನಿಗೆ ತಲೆನೋವಂತೆ! ಆಯಸ್ಕಾಂತದ ಜೊತೆಗೆ ಈ ಸಂಗತಿಯನ್ನೂ ನಾನೇ ಗಂಟಲಕ್ಕನಿಗೆ ಮುಟ್ಟಿಸಿದೆ.

ಮಾರನೇ ದಿನ ಅವನು ಅತ್ತ ಹೋದದ್ದೇ ತಡ, ಅವಳು ಇತ್ತ ಬಂದು ಕೆಂಪು ಗುಂಡಿ ಒತ್ತಿದಳು. ಅವನು ಮರಳಿದಾಗ ನಾನು ಹತ್ತಿಯನ್ನು ಧಾರಾಳವಾಗಿಯೇ ಕೊಟ್ಟೆ. ಕಿವಿಗೆ ತುರುಕಿಕೊಂಡು ಅವನು ಮೈಕು ಹಾಕಿದ.

"ಅಕ್ಕಂದಿರಾ, ನಾನು ಗಂಟಲಕ್ಕ. ಈ ತಕ್ಕಡಿ ಅಡೀಲಿ ಆಯಸ್ಕಾಂತ ಇದೆ. ಎತ್ತಿ ನೋಡಿ!"

ಬೀದಿಗೆ ಬೀದಿಯೇ ಹೊರಬಂತು. ಭರ್ಜರಿ ವ್ಯಾಪಾರವೆಂದು ಅವನು ಹಿಗ್ಗಿ ಹೀರೇಕಾಯಿಯಾಗಿ ತಕ್ಕಡಿಯನ್ನು ತಾನೇ ಮುಂದಕ್ಕೆ ಸರಿಸಿದ. ಒಬ್ಬಳು ಅದನ್ನು ಬುಡಮೇಲು ಮಾಡಿದಳು. ಇನ್ನೊಬ್ಬಳು ಅವನ ಕಿವಿಯ ಹತ್ತಿ ಕಿತ್ತಳು. ಆರಿಸಲು ಅವನು ಮೈಕಿಗೆ ಕೈಚಾಚಿದರೆ, ಅದಾಗಲೇ ಹೆಂಗಸರ ಕೈ ಸೇರಿತ್ತು. ನನ್ನ ಬಾಗಿಲಿಗೆ ಒರಗಿ ನಿಂತಿದ್ದ ಅತ್ತಿಗೆ ಅವನ ಕಣ್ಣಿಗೆ ಬಿದ್ದಳು.

"ಅತ್ತಿಗೆ, ನಿಲ್ಲಿಸಿ ಅತ್ತಿಗೆ! ಮಾನ ಹೋಗ್ತಿದೆ!"

"ನಾನೆಲ್ಲಪ್ಪ ಬಾಯಿ ತೆಗ್ದೆ?" ಎಂದಳು ಗಂಟಲಕ್ಕ. "ಒದರ್ತಿರೋದು ನಿನ್ನ ಮೈಕು."