ಗಸಗಸೆ ಹುಡುಕುವ ಇಂದಿರಮ್ಮ

ಬೆಳಗಿನ ಐದು ಗಂಟೆ. ವಿಜಯವಾಡದ ಗವರ್ನರ್‌ಪೇಟೆಯ ಓಣಿಯೊಂದರಲ್ಲಿ, ಬೀಗ ಹಾಕಿದ ಟ್ರಾವೆಲ್ಸ್ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು ಇಂದಿರಮ್ಮ ಹಿಟ್ಟು ನಾದುತ್ತಿದ್ದಾರೆ. ಚಪಾತಿಗಿರಬೇಕು ಅಂದುಕೊಂಡರೆ ತಪ್ಪು. ಅಲ್ಲಿ ಒಲೆಯೂ ಇಲ್ಲ, ಹಂಚೂ ಇಲ್ಲ. ಇರುವುದು ಬಾಯಿ ತೆರೆದುಕೊಂಡು ಬಿದ್ದಿರುವ ಒಂದು ದೊಡ್ಡ ಪೆಟ್ಟಿಗೆ, ಅದರ ಪಕ್ಕದಲ್ಲಿ ಆಕಳಿಸುತ್ತಾ ನಿಂತಿರುವ ಮಚಲಿಪಟ್ಟಣದ ಗಂಡ ಹೆಂಡತಿ.

ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಪೆಟ್ಟಿಗೆಯ ಒಳಹೊಲಿಗೆಯ ಉದ್ದಕ್ಕೂ ಒತ್ತಿ ಒತ್ತಿ ಉರುಳಿಸುತ್ತಾರೆ. ಮೂಲೆ, ಜೇಬು, ಜಿಪ್ಪಿನ ಹಲ್ಲು, ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಉಂಡೆಯನ್ನು ಬೀದಿದೀಪದ ಬೆಳಕಿಗೆ ಹಿಡಿದು ನೋಡುತ್ತಾರೆ. ಅಂಟಿಕೊಂಡಿರುವುದು ಒಂದು ಜೀರಿಗೆ, ನಾಲ್ಕು ಎಳ್ಳು, ಮುರಿದ ಪಿನ್ನಿನ ತುದಿ.

ಹೆಂಡತಿ ಹೇಮಾಕ್ಷಿ ತೆಲುಗಿನಲ್ಲಿ ಕಿಚಾಯಿಸುತ್ತಾಳೆ: “ಏಮಂಡಿ, ಮದುವಣಗಿತ್ತಿಗೂ ಇಷ್ಟು ಚೆನ್ನಾಗಿ ಅರಿಶಿನ ಹಚ್ಚಲ್ಲ ಯಾರೂ!”

ಇಂದಿರಮ್ಮ ನಗುವುದಿಲ್ಲ. “ಗಸಗಸೆ ಎಲ್ಲಿ ಇಟ್ಟಿದೀಯಾ, ಅದನ್ನ ಹೇಳವ್ವ ಮೊದ್ಲು” ಎಂದು ತೆಲುಗಿನಲ್ಲೇ ಕೇಳುತ್ತಾರೆ.

ಹೇಮಾಕ್ಷಿ ಇಲ್ಲವೇ ಇಲ್ಲ ಎನ್ನುತ್ತಾಳೆ. ಎಲ್ಲರೂ ಹಾಗೆಯೇ ಎನ್ನುವುದು. ಐದು ನಿಮಿಷದಲ್ಲಿ ಮಸಾಲೆ ಪುಡಿಯ ಡಬ್ಬಿ ಹೊರಬರುತ್ತದೆ. ಅದರಲ್ಲಿ ಗಸಗಸೆ ಹುರಿದು ಹಾಕಿದೆ. ಇವರು ಹೊರಟಿರುವುದು ದುಬೈಗೆ, ತಮ್ಮನ ಮನೆಯ ಗೃಹಪ್ರವೇಶಕ್ಕೆ. ಅಲ್ಲಿ ಗಸಗಸೆ ಅಡುಗೆ ಸಾಮಾನಲ್ಲ, ಅಫೀಮಿನ ಗಿಡದ ಬೀಜ. ಅಫೀಮಿಗೆ ಏನು ಶಿಕ್ಷೆಯೋ ಅದೇ ಕಾನೂನಿನ ಕೆಳಗೆ ಇದೂ ಬರುತ್ತದೆ. ಡಬ್ಬಿ ಬೆಂಚಿನ ಕೆಳಗೆ ಹೋಗುತ್ತದೆ. ಹೇಮಾಕ್ಷಿಯ ಮುಖದ ನಗುವೂ ಹೋಗುತ್ತದೆ.

ಟಿಕೆಟ್ ಮಾರುವವರು ಬುದ್ಧಿ ಮಾರುವುದಿಲ್ಲ. ಆ ಕೆಲಸ ಈ ಅರವತ್ತೊಂದರ ಹೆಂಗಸಿನದು. ಮಾಘದ ಮದುವೆ ಕಾಲದಲ್ಲಿ ದಿನಕ್ಕೆ ಹತ್ತು ಹನ್ನೆರಡು ಪೆಟ್ಟಿಗೆ, ಬಾಕಿ ದಿನ ಮೂರೋ ನಾಲ್ಕೋ. ಗುಡಿವಾಡ, ಏಲೂರು, ವಿಶಾಖಪಟ್ಟಣ, ಎಲ್ಲೆಲ್ಲಿಂದಲೋ ಹೊರದೇಶದ ಮದುವೆ ಮುಂಜಿಗೆ ಹೊರಟವರು ಹೈದರಾಬಾದಿನ ದಾರಿಯಲ್ಲಿ ಇಲ್ಲಿ ಇಳಿದು, ಪೆಟ್ಟಿಗೆ ಬಿಚ್ಚಿ, ಬೈಸಿಕೊಂಡು ಹೋಗುತ್ತಾರೆ. ಬೈಗುಳವನ್ನು ಇಂದಿರಮ್ಮ ಬಿಟ್ಟಿಯಾಗಿಯೇ ಕೊಡುತ್ತಾರೆ.

“ಕರ್ಪೂರ ಬ್ಯಾಡ, ಕೊಬ್ಬರಿ ಬ್ಯಾಡ, ಎಲ್ಡೂ ಬೆಂಕಿ ಹಿಡೀತಾವೆ. ಉಡುಗೊರೆಗೆ ಬಣ್ಣದ ಕಾಗದ ಸುತ್ತಬ್ಯಾಡ್ರಿ, ಹೆಂಗೂ ಹರೀತಾರೆ, ಅಲ್ಲೇ ಹೋಗಿ ಸುತ್ತಿ. ಒಬ್ಬರ ಬಟ್ಟೆ ಎಲ್ಲಾ ಒಂದೇ ಪೆಟ್ಟಿಗ್ಯಾಗೆ ತುಂಬಬ್ಯಾಡ್ರಿ, ಗಂಡಂದು ಹೆಂಡ್ತಿದು ಕಲಸಿ ಇಡ್ರಿ. ಒಂದು ಪೆಟ್ಟಿಗೆ ಕಳೆದ್ರೂ ಇಬ್ರಿಗೂ ಉಟ್ಕಳಾಕೆ ಒಂದೊಂದಾದ್ರೂ ಉಳೀತೈತೆ. ಇಲ್ಲಾಂದ್ರೆ ಮಾವನೋರು ಲುಂಗಿ ಮ್ಯಾಗೆ ಧಾರೆ ಎರೀಬೇಕಾಗ್ತೈತೆ!”

ಹೋಗುವ ಮುನ್ನ ಪ್ರತಿಯೊಬ್ಬರ ಕೊರಳಿಗೂ ಮಂಗಳಗಿರಿ ಹತ್ತಿಬಟ್ಟೆಯ ಒಂದು ಚೀಲ ಬೀಳುತ್ತದೆ. ಹೊಲಿದದ್ದು ಅವರೇ. ಅದರಲ್ಲಿ ಪಾಸ್‌ಪೋರ್ಟು, ಮೂರು ದಿನದ ಮಾತ್ರೆ, ಡಾಕ್ಟರ ಚೀಟಿ. ಜೊತೆಗೆ ಇಳಿಯುವ ಮನೆಯ ವಿಳಾಸವನ್ನೂ ಫೋನ್ ನಂಬರನ್ನೂ ಇಂಗ್ಲಿಷಿನಲ್ಲಿ ಬರೆದ ಕಾಗದ. “ಲಗ್ನಪತ್ರಿಕೆ ಇಟ್ಕಂಡೀವಿ ಅಂತಾರ್ರಿ. ತೆಲುಗಿನ ಲಗ್ನಪತ್ರಿಕೆನ ಆ ಸಾಬರ ಪೊಲೀಸಪ್ಪ ಏನು ಓದ್ತಾನೆ?”

ಇಷ್ಟೆಲ್ಲ ಹೇಳುವಾಗಲೂ ಇವತ್ತು ಅವರ ಕಣ್ಣು ಪದೇ ಪದೇ ಓಣಿಯ ತುದಿಗೆ ಹೋಗುತ್ತಿದೆ. ವಿಶಾಖಪಟ್ಟಣದಿಂದ ನಾದಿನಿ ಭ್ರಮರಾಂಬ ಬೆಳಗಿನ ರೈಲಿಗೆ ಇಳಿಯುವವರಿದ್ದಾರೆ. ನಾದಿನಿಯ ಮಗ ಸಾಯಿಕಿರಣನ ಮದುವೆ ಸಿಂಗಪುರದಲ್ಲಿ. ಗಸಗಸೆ ಅಲ್ಲಿಯೂ ನಿಷಿದ್ಧ. ಪೆಟ್ಟಿಗೆ ಈ ಬೆಂಚಿಗೆ ಬರುತ್ತದೋ, ನೇರ ಹೈದರಾಬಾದಿನ ಬಸ್ಸು ಹತ್ತುತ್ತದೋ ಯಾರಿಗೂ ಗೊತ್ತಿಲ್ಲ. ಭ್ರಮರಾಂಬ ಇಂದಿರಮ್ಮನ ಜೊತೆ ಮಾತು ಬಿಟ್ಟು ಐದು ವರ್ಷವಾಗಿದೆ.

ಇಂದಿರಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದವರು. ಗಂಡ ಸೂರ್ಯಪ್ರಕಾಶ ತೆಲುಗಿನವರು. ಅವರ ತಂದೆ ಬಳ್ಳಾರಿಯ ಹತ್ತಿ ಗಿರಣಿಯಲ್ಲಿದ್ದುದರಿಂದ ಅವರಿಗೂ ತಂಗಿ ಭ್ರಮರಾಂಬರಿಗೂ ಕನ್ನಡ ಬರುತ್ತಿತ್ತು. ಮದುವೆಯಾಗಿ ವಿಜಯವಾಡಕ್ಕೆ ಬಂದ ಇಂದಿರಮ್ಮ ಗಂಡನ ದರ್ಜಿ ಅಂಗಡಿಯಲ್ಲಿ ಅವರ ಪಕ್ಕದಲ್ಲೇ ಹೊಲಿಗೆ ಯಂತ್ರ ತುಳಿದರು. ಗಂಡನ ಕೈ ನಡುಗಲು ಶುರುವಾದ ಮೇಲೆ ಕತ್ತರಿಯನ್ನೂ ಅವರೇ ಹಿಡಿದರು. ಅಂಗಡಿ ಅವರಿಂದ ನಡೆಯಿತು, ಬೋರ್ಡಿನಲ್ಲಿ ಹೆಸರು ಗಂಡನದೇ ಉಳಿಯಿತು.

ಆದರೆ ಬಳಗದಲ್ಲಿ ಅವರ ಹೆಸರು ನಿಂತಿದ್ದು ಹೊಲಿಗೆಯಿಂದಲ್ಲ, ಗಸಗಸೆ ಪಾಯಸದಿಂದ. ಐದು ವರ್ಷದ ಹಿಂದೆ, 2002ರಲ್ಲಿ, ಭ್ರಮರಾಂಬರ ಮಗಳು ರಾಜ್ಯಶ್ರೀಯ ಮದುವೆ ದುಬೈಯಲ್ಲಿ ನಿಶ್ಚಯವಾಯಿತು. ಹುಡುಗನ ಮನೆಯವರು ಅಲ್ಲೇ ನೆಲೆಸಿದವರು. “ಅತ್ತೇ, ಮದುವೆ ಊಟಕ್ಕೆ ನಿನ್ನ ಪಾಯಸ ಬೇಕು” ಎಂದಳು ಹುಡುಗಿ. ಪಾಸ್‌ಪೋರ್ಟಿಲ್ಲದ ಅತ್ತೆ ಹೋಗುವುದೆಲ್ಲಿ? ಅರ್ಧ ಕಿಲೋ ಗಸಗಸೆ ಆರಿಸಿ, ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ನಾದಿನಿಯ ಪೆಟ್ಟಿಗೆಯ ತಳದಲ್ಲಿ ತಾವೇ ಇಟ್ಟರು. ಅಲ್ಲೇ ಯಾರಾದರೂ ಪಾಯಸ ಮಾಡಿಕೊಳ್ಳಲಿ ಎಂದು.

ದುಬೈ ವಿಮಾನ ನಿಲ್ದಾಣದಲ್ಲಿ ಪೊಲೀಸರು ಭ್ರಮರಾಂಬರನ್ನು ಹಿಡಿದು ಕೂರಿಸಿಕೊಂಡರು. ಒಂಬತ್ತು ದಿನ. ಭಾಷೆ ಬಾರದ ಕೋಣೆಯಲ್ಲಿ, ಬಳೆ ಬಿಚ್ಚಿಸಿ. ಪರೀಕ್ಷೆ, ವಿಚಾರಣೆ ಎಲ್ಲ ಮುಗಿದು, ಉದ್ದೇಶವಿರಲಿಲ್ಲ ಎಂದು ಬಿಟ್ಟು ಕಳಿಸುವ ಹೊತ್ತಿಗೆ ಮುಹೂರ್ತ ಮುಗಿದು ವಾರವಾಗಿತ್ತು. ಹೆತ್ತ ಮಗಳ ಧಾರೆಯಲ್ಲಿ ತಾಯಿ ಇರಲಿಲ್ಲ.

“ಬಂದಾಕೆ ನನಗೆ ಬೈಲಿಲ್ಲ ನೋಡ್ರಿ. ಬೈದಿದ್ರೆ ಚಲೋ ಇತ್ತು. ಆಕೆ ಅಣ್ಣ, ನನ್ನ ಗಂಡ, ಸತ್ತಾಗ ಬಂದ್ಲು, ಅತ್ಲು, ನನ್ನ ಮಕ ನೋಡ್ದಂಗೆ ಹೋದ್ಲು. ವದಿನಾ ಅಂತ ಬಾಯಿ ತುಂಬಾ ಕರೀತಿದ್ದಾಕೆ” ಎನ್ನುತ್ತಾರೆ ಇಂದಿರಮ್ಮ. ಅತ್ತಿಗೆಗೆ ತೆಲುಗಿನಲ್ಲಿ ವದಿನ. ಆ ಕರೆ ನಿಂತ ವರ್ಷವೇ ಇಂದಿರಮ್ಮನ ಅಡುಗೆಮನೆಯಲ್ಲಿ ಗಸಗಸೆಯೂ ನಿಂತಿತು.

ಆಮೇಲೆ ಅವರು ಮಾಡಿದ್ದು ಯಾರೂ ಮಾಡದ ಕೆಲಸ. ಊರಿನ ಟ್ರಾವೆಲ್ಸ್ ಅಂಗಡಿಗಳ ಮುಂದೆ ನಿಂತು, ಹೋಗಿಬರುವವರನ್ನು ತಡೆದು, ಗಸಗಸೆ ಇದೆಯಾ ಎಂದು ಕೇಳತೊಡಗಿದರು. ಮುದುಕಿಗೆ ತಲೆ ಕೆಟ್ಟಿದೆ ಎಂದರು ಜನ. ಒಂದು ಕಡೆ ಕಾವಲುಗಾರ ರಟ್ಟೆ ಹಿಡಿದು ಎಳೆದ. ಕೊನೆಗೆ ಈ ಅಂಗಡಿಯ ಮಾಲೀಕ ಅಶೋಕ ಒಂದು ಬೆಂಚು ಹಾಕಿಕೊಟ್ಟರು. “ನಿಂತು ಜನಾನ ಹೆದರಿಸೋದಕ್ಕಿಂತ ಕೂತು ಹೆದರಿಸಮ್ಮಾ ಅಂದೆ” ಎಂದು ಅವರು ಈಗ ನಗುತ್ತಾರೆ. ಹಿಟ್ಟಿನ ಉಂಡೆಯ ಉಪಾಯ ಅಡುಗೆಮನೆಯದು. ನೆಲಕ್ಕೆ ಚೆಲ್ಲಿದ ಸಾಸಿವೆ ಎತ್ತುವ ಹಾಗೆಯೇ ಇದೂ.

ಆರೂವರೆಗೆ ಓಣಿಯ ತುದಿಯಲ್ಲಿ ಆಟೋ ನಿಲ್ಲುತ್ತದೆ. ಮೊದಲು ಇಳಿಯುವವನು ಸುಮಂತ್. ದಾವಣಗೆರೆಯ ಹುಡುಗ, ವಿಶಾಖಪಟ್ಟಣದ ಪಕ್ಕದ ಪರವಾಡದ ಔಷಧಿ ಕಂಪನಿಯಲ್ಲಿ ಕೆಲಸ, ಭ್ರಮರಾಂಬರ ಮಹಡಿಯ ಬಾಡಿಗೆದಾರ. ಅವನ ಹಿಂದೆ ಭ್ರಮರಾಂಬ. ಸುಮಂತ್ ಪೆಟ್ಟಿಗೆ ತಂದು ಬೆಂಚಿನ ಮುಂದಿಡುತ್ತಾನೆ. ಭ್ರಮರಾಂಬ ಬೀಗದ ಕೈಯನ್ನು ಅತ್ತಿಗೆಯ ಕೈಗೆ ಕೊಡುವುದಿಲ್ಲ, ಬೆಂಚಿನ ಮೇಲಿಟ್ಟು ರಸ್ತೆಯ ಕಡೆ ತಿರುಗಿ ನಿಲ್ಲುತ್ತಾರೆ.

ಇಂದಿರಮ್ಮ ಪೆಟ್ಟಿಗೆಯನ್ನು ಗುರುತಿಸುತ್ತಾರೆ. ಕಂದು ಬಣ್ಣ, ಎಡಮೂಲೆಯಲ್ಲಿ ಗೀರು. ಅದೇ ಪೆಟ್ಟಿಗೆ.

“ಹೊಸದು ತಗೊಳ್ಳಿ ಅಂದೆ, ಅಮ್ಮ ಕೇಳ್ಲಿಲ್ಲ. ಒಳಗೆ ಎರಡು ಸಲ ಒರೆಸಿದ್ದೀನಿ, ಏನೂ ಇಲ್ಲ” ಎನ್ನುತ್ತಾನೆ ಸುಮಂತ್.

“ನಿಮ್ಮ ಕಂಪನಿ ಬಟ್ಟ್ಯಾಗೆ ಒರ್ಸಿರ್ತೀಯ. ಸರಿ ಆತು, ಕುಂದ್ರು.”

ಸೀರೆಗಳು ಒಂದೊಂದಾಗಿ ಹೊರಬರುತ್ತವೆ. ಡಬ್ಬಿಯಿಲ್ಲ, ಪುಡಿಯಿಲ್ಲ. ಪೆಟ್ಟಿಗೆ ಖಾಲಿಯಾಗುತ್ತದೆ. ಇಂದಿರಮ್ಮ ಹೊಸ ಉಂಡೆ ನಾದಿ ಹೊಲಿಗೆಯ ಮೇಲೆ ಉರುಳಿಸುತ್ತಾರೆ. ಏನಿಲ್ಲ. ಆಮೇಲೆ ಕತ್ತರಿ ತೆಗೆದು, ತಳದ ಅಸ್ತರಿನ ಹೊಲಿಗೆಯನ್ನು ನಾಲ್ಕು ಬೆರಳಿನಷ್ಟು ಬಿಚ್ಚುತ್ತಾರೆ. ಗಂಟು ಇಟ್ಟ ಜಾಗ ಅವರಿಗೆ ನೆನಪಿದೆ. ಉಂಡೆ ಒಳಗೆ ಹೋಗಿ ಹೊರಬರುತ್ತದೆ.

ಬಿಳಿ ಹಿಟ್ಟಿನ ಮೇಲೆ, ಹಳೆಯದಾಗಿ ಬೂದು ಬಣ್ಣಕ್ಕೆ ತಿರುಗಿದ ಏಳು ಗಸಗಸೆ ಕಾಳು.

ಸುಮಂತ್ ಎದ್ದು ನಿಲ್ಲುತ್ತಾನೆ. ಭ್ರಮರಾಂಬ ತಿರುಗಿ ನೋಡಿ, ಹತ್ತಿರ ಬಂದು, ಉಂಡೆಯನ್ನು ಅತ್ತಿಗೆಯ ಅಂಗೈಯಿಂದ ತಾವೇ ಎತ್ತಿಕೊಂಡು ಕನ್ನಡಕದ ಮುಂದೆ ಹಿಡಿಯುತ್ತಾರೆ.

“ಐದು ವರ್ಷ ನನ್ನ ತಲೆ ಮೇಲಿನ ಅಟ್ಟದಾಗೆ ಇತ್ತು ಇದು. ನಾನೇ ಇಳಿಸ್ದೆ, ನಾನೇ ಸೀರೆ ಜೋಡಿಸ್ದೆ. ನನ್ನ ಕಣ್ಣಿಗೂ ಬೀಳ್ಲಿಲ್ಲ.”

ಇಂದಿರಮ್ಮ ಉಂಡೆಯನ್ನು ತೆಗೆದುಕೊಂಡು ಓಣಿಯ ಮೋರಿಗೆ ಎಸೆದು, ಕೈ ತೊಳೆದು, ಮತ್ತೆ ಹಿಟ್ಟಿಗೆ ನೀರು ಹಾಕುತ್ತಾರೆ. ಭ್ರಮರಾಂಬ ಅವರ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ.

“ಇನ್ನೊಂದ್ಸಲ ಒರ್ಸು, ವದಿನಾ.”

ಒಂದಲ್ಲ, ಮೂರು ಸಲ ಒರೆಸುತ್ತಾರೆ. ಬಿಚ್ಚಿದ ಅಸ್ತರನ್ನು ಸಣ್ಣ ಹೊಲಿಗೆ ಹಾಕಿ ಮುಚ್ಚುತ್ತಾರೆ. ಹತ್ತಿಯ ಚೀಲವನ್ನು ನಾದಿನಿಯ ಕೊರಳಿಗೆ ಹಾಕಿ, ಸೆರಗಿನ ಒಳಗೆ ಸರಿಪಡಿಸುತ್ತಾರೆ. ಎಂಟು ಗಂಟೆಗೆ ಆಟೋ ಬಸ್‌ಸ್ಟ್ಯಾಂಡಿನ ಕಡೆ ಹೊರಡುತ್ತದೆ.

ಬೆಂಚಿನ ಮುಂದೆ ಮುಂದಿನ ಪೆಟ್ಟಿಗೆ ಆಗಲೇ ಬಂದು ಕೂತಿದೆ. ಅದರ ಜಿಪ್ಪು ಎಳೆಯುತ್ತಾ, ತಲೆಯೆತ್ತದೆ ಇಂದಿರಮ್ಮ ಹೇಳುತ್ತಾರೆ: “ನಂದೇನೂ ಆಸೆ ಇಲ್ರಿ. ಗುರುವಾರ ಮುಹೂರ್ತ. ತಾಯಿ ಮಂಟಪದಾಗೆ ನಿಂತಿದ್ಲು ಅಂತ ಒಂದು ಫೋನ್ ಬಂದ್ರೆ ಸಾಕು. ಪಾಯಸ ಯಾರಾದ್ರೂ ಮಾಡ್ಲಿ.”