ಮಡಚಲು ಬಾರದ ಕಂಬಳಿ

ಮೊನ್ನೆ ನಾರಾಯಣಪೇಟೆಯ ಹಲ್ಲಿನ ಡಾಕ್ಟರು ನಮ್ಮ ಆಯಿಯ ಕಟ್ಟಿಸಿದ ಹಲ್ಲು ಸರಿಮಾಡಲು ಗುಲಾಬಿ ಪುಡಿಗೆ ಒಂದು ದ್ರವ ಹನಿಸಿದರು. ಘಾಟು ಮೂಗಿಗೆ ಬಡಿಯಿತು ನೋಡಿ, ಹಲ್ಲುನೋವಿಲ್ಲದ ನನಗೂ ಬೆವರು ಬಂತು. ಆಯಿ ಎಂದರೆ ನನ್ನ ಗಂಡನ ಅಜ್ಜಿ, ಗದ್ವಾಲ ಕಡೆಯ ಕೆ.ಟಿ. ದೊಡ್ಡಿಯವರು. ಘಾಟು ಅಕ್ರಿಲೇಟ್ ಬಳಗದ್ದು, ಗಟ್ಟಿಯಾದರೆ ಪ್ಲಾಸ್ಟಿಕ್ಕಾಗುವ ರಸ. ಒಂದು ಕಾಲಕ್ಕೆ ನನ್ನ ಬಟ್ಟೆಗೂ ಬುತ್ತಿಗೂ ಅದೇ ವಾಸನೆ ಹತ್ತಿತ್ತು.

ನಾನು ಮಕ್ತಲ್ ಕಡೆಯ ಕುರಿಗಾರರ ಮಗಳು. ಸಂಶೋಧನೆಗೆಂದು ಪಟ್ಟಣ ಸೇರಿ, ಈ ಅಕ್ರಿಲೇಟು ಯಾವ ದ್ರಾವಕದಲ್ಲಿ ಎಷ್ಟು ಬೇಗ ಗಟ್ಟಿಯಾಗುತ್ತದೆಂದು ನೋಡುತ್ತ ಕೂತಿದ್ದೆ. ಅದರ ಸಣ್ಣ ಅಣುಗಳು ಒಂದರ ಕೈ ಒಂದು ಹಿಡಿದು ಸರಪಳಿಯಾಗುತ್ತವೆ. ಟಾಲ್ಯೂಯೀನ್ ಎಂಬ ದ್ರಾವಕ ಹಾಕಿದರೆ ಆಮೆಯ ನಡಿಗೆ; ನೀರು ಬೆರೆಸಿದ ಸ್ಪಿರಿಟ್ಟಿನಲ್ಲಿ ಅವಸರವೋ ಅವಸರ. ಸರಪಳಿಗಳ ಬೆಳೆಯುವ ತುದಿಗಳು ಒಂದಕ್ಕೊಂದು ಸಿಕ್ಕರೆ ಆಟ ಮುಗಿಯಿತು. ಆದರೆ ದ್ರಾವಕ ಕಡಿಮೆಯಾಗಿ ರಸ ಮಂದವಾದರೆ ಅವು ಸಿಗುವುದೇ ಇಲ್ಲ. ಹೇಳುವವರು ಕೇಳುವವರಿಲ್ಲದೆ ಬೆಳೆದು ಎಲ್ಲವೂ ಒಮ್ಮೆಲೇ ಕಲ್ಲಾಗುತ್ತದೆ. ಇದನ್ನು ನಾನು ನಿದ್ದೆಯಲ್ಲೂ ಹೇಳಬಲ್ಲವಳಾಗಿದ್ದೆ. ಹೇಳುವುದು ಬೇರೆ, ಮಾಡುವುದು ಬೇರೆ.

ಅಷ್ಟರಲ್ಲಿ ಊರಲ್ಲಿ ನನ್ನ ನಿಶ್ಚಯ. ಹುಡುಗ ಒಳ್ಳೆಯವನೇ. ಆದರೆ ಮುಂದಿನ ತಿಂಗಳೇ ಲಗ್ನ, ಲಗ್ನವಾದರೆ ಓದಿಗೆ ಎಳ್ಳುನೀರು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ನಮ್ಮಲ್ಲಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಭಂಡಾರದ ಅರಿಶಿನ ಚೆಲ್ಲಿ, ಅದನ್ನೇ ಕುಲದೇವರು ಬೀರಪ್ಪನ ಗದ್ದಿಗೆಯೆಂದು ಕೈಮುಗಿದು ವೀಳ್ಯ ಬದಲಿಸುತ್ತಾರೆ. ಮನೆಯ ಕಂಬಳಿ ಹಳತಾಗಿ ಜೋತುಬಿದ್ದಿತ್ತು. ಬಿಗಿಯಾಗಲು ಹುಣಸೆಬೀಜದ ಗಂಜಿ ಕೊಡಬೇಕೆಂದಳು ಅವ್ವ.

"ಆ ಹಳೀ ಪದ್ಧತಿ ಬಿಡಬೇ, ನಾ ಲ್ಯಾಬಿನ್ಯಾಗ ಮಾಡ್ಕೊಂಡು ಬರ್ತೀನಿ" ಎಂದೆ. ತಾನು ಕೆಟ್ಟ ಕೋತಿ ವನವೆಲ್ಲ ಕೆಡಿಸಿತಂತೆ.

ಬಸ್ಸಿಗೆ ಹೊತ್ತಾಗುತ್ತದೆಂದು ದ್ರಾವಕದಲ್ಲಿ ಜಿಪುಣತನ ಮಾಡಿದೆ. ಗಂಜಿಯ ಬದಲು ಅಕ್ರಿಲೇಟ್ ರಸದಲ್ಲಿ ನೆಂದ ಕಂಬಳಿ ಮೊದಲು ಸುಮ್ಮನಿತ್ತು, ಆಮೇಲೆ ನೋಡನೋಡುತ್ತಲೇ ಬಿಗಿಯಿತು. ಎತ್ತಿ ಗೋಡೆಗೆ ಆನಿಸಹೋದರೆ, ಗೋಡೆಯೂ ಬೇಡವೆಂದು ತಾನೇ ನಿಂತಿತು.

"ಅಕ್ಕಾ, ಬಾಗ್ಲಾ ಹೊತ್ಕೊಂಡು ಹೊಂಟೀರಲ್ಲ, ಚೌಕಟ್ಟು ಹಿಂದಿನ ಬಸ್ಸಿಗಿ ಬರ್ತೈತೇನು?" ಎಂದ ಕಂಡಕ್ಟರ್.

ನಿಶ್ಚಯದ ದಿನ ನಾಲ್ವರು ಗಂಡಸರು ನಾಲ್ಕು ಮೂಲೆ ಹಿಡಿದು ಅದನ್ನು ಮಡಚಲು ಒದ್ದಾಡಿದರು. ಒಬ್ಬರು ಅದರ ಮೇಲೆ ಮಂಡಿಯೂರಿ ಕೂತರು. ಕಂಬಳಿ ಅವರನ್ನೇ ಎತ್ತಿ ಒಗೆಯಿತು. ನಾನು ನಾಚಿಕೆಯಿಂದ ಕುಗ್ಗಿ, ದ್ರಾವಕ, ಸರಪಳಿ, ವೇಗ ಎಂದು ಒದರತೊಡಗಿದೆ. ಹುಡುಗನ ಕಡೆಯಿಂದ ಬಂದಿದ್ದ ಆಯಿಯೊಬ್ಬರೇ ಹತ್ತಿರ ಬಂದು ಕೇಳಿಸಿಕೊಂಡರು.

"ನಾವು ಬೀಜದ ಗಂಜಿಗಿ ಕೊಡಗಟ್ಲೆ ನೀರ್ ಹಾಕ್ತೀವಿ. ನೀ ಯಾಕ ಹಾಕ್ಲಿಲ್ಲವ್ವ?"

"ಅವಸರ ಮಾಡಿದ್ನಿರೀ."

"ಸರಿಯಾಗಿ ಮಾಡಾಕ ಎಷ್ಟ್ ದಿನ ಬೇಕು?"

"ಎರಡು ವರ್ಷ" ಎಂದುಬಿಟ್ಟೆ. ನನ್ನ ಓದು ಮುಗಿಯಲು ಅಷ್ಟೇ ಬೇಕಿತ್ತು.

ಆಯಿ ಎಲ್ಲರ ಕಡೆ ತಿರುಗಿದರು. "ಮಡಚಾಕ ಬರೋ ಕಂಬಳಿ ಮಾಡ್ಕೊಂಡು ಬರ್ಲಿ. ಅಲ್ಲೀತನ ವೀಳ್ಯ ಇಲ್ಲ. ಇದು ದೇವ್ರ ಕೆಲ್ಸ ಐತಿ."

ದೇವರ ಹೆಸರಿಗೆ ಯಾರೂ ಎದುರಾಡಲಿಲ್ಲ. ನಾನು ಓದು ಮುಗಿಸಿ, ಆಮೇಲೆ ಅದೇ ಮನೆಗೆ ಸೊಸೆಯಾಗಿ ಹೋದೆ. ದ್ರಾವಕದ ಪಾಠ ಹೇಳಿ ಒಬ್ಬ ಮುದುಕಿಯ ಮನಸ್ಸು ಗೆದ್ದವಳು ನಾನೆಂದು ಇಷ್ಟು ವರ್ಷವೂ ನಾನು ಪಾಠ ಮಾಡುವ ಕ್ಲಾಸಿನಲ್ಲಿ ಜಂಬ ಕೊಚ್ಚಿಕೊಂಡಿದ್ದೇನೆ.

ಮೊನ್ನೆ ಡಾಕ್ಟರ ಕುರ್ಚಿಯಲ್ಲಿ ಕೂತಿದ್ದ ಆಯಿಯನ್ನು ಅದನ್ನೇ ಕೇಳಿದೆ. "ಅವತ್ತು ನಾ ಹೇಳಿದ್ದು ನಿಮಗ ಹೆಂಗ ತಿಳೀತ್ರಿ?"

ಆಯಿ ಬೊಚ್ಚುಬಾಯಿ ಬಿಟ್ಟು ನಕ್ಕರು. "ಒಂದಕ್ಷರ ತಿಳೀಲಿಲ್ಲ ಬಿಡವ್ವ. ಓದು ಬಿಡಾಕ ನಿನಗ ಮನಸ್ಸಿಲ್ಲಂತ ನಿನ್ನ ಮಾರಿ ನೋಡಿದ್ರ ತಿಳೀತಿತ್ತು. ಬೀರಪ್ಪಗ ಯಾವ ಕಂಬಳಿ ಆದ್ರೇನು? ಅವತ್ತು ನಮ್ಮ ಗಂಡಸ್ರ ಹೆಗಲ ಮ್ಯಾಲೆ ಒಬ್ಬೊಬ್ಬರದೂ ಒಂದೊಂದು ಕಂಬಳಿ ಇತ್ತು."

ನನ್ನ ಕಣ್ಣು ತುಂಬಿ ಬಂತು. ಡಾಕ್ಟರು ಹಲ್ಲು ಕೂಡಿಸುವ ತನಕ ನಾನು ಆಯಿಯ ಕೈ ಹಿಡಿದೇ ಕೂತಿದ್ದೆ.